ಪರವಾಗಿಲ್ಲ ಎನಿಸಿಕೊಂಡ ಗೋಡೆ

ಕತ್ತರಿ ಅಕ್ಕನಿಗೆ ಆ ಹೆಸರು ಬರಲು ಅರ್ಧ ಕಾರಣ ಅವಳ ಕಸುಬು, ಇನ್ನರ್ಧ ಅವಳ ನಾಲಿಗೆ. ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಇಪ್ಪತ್ತೆರಡು ವರ್ಷದಿಂದ ಅವಳು ಮಾಡುತ್ತಿದ್ದುದು ರಿಪೇರಿ ಹೊಲಿಗೆ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು, ದಪ್ಪಗಾದವರಿಗೆ ಸೊಂಟ ಬಿಡಿಸುವುದು, ತೆಳ್ಳಗಾದವರಿಗೆ ಹಿಡಿಸುವುದು. ಇದರಲ್ಲಿ ಅರ್ಧಕ್ಕರ್ಧ ಕೆಲಸ ತಮ್ಮ ಬಟ್ಟೆಯನ್ನು ತಾವೇ ಸರಿಮಾಡಲು ಹೋಗಿ ಎಕ್ಕುಟ್ಟಿಸಿಕೊಂಡವರದು. ಗೋಂದು ಹಚ್ಚಿ ಅಂಚು ಮಡಿಸಿದವರು, ಮೀನಿನ ಬಲೆಯಂಥ ಟಾಕು ಹಾಕಿದವರು, ಕಪ್ಪು ಬಟ್ಟೆಗೆ ನೀಲಿ ದಾರ ಎಳೆದು ಕತ್ತಲಲ್ಲಿ ಯಾರು ನೋಡುತ್ತಾರೆ ಎಂದುಕೊಂಡವರು ಎಲ್ಲರೂ ಕೊನೆಗೆ ಅವಳ ಬಾಗಿಲಿಗೇ ಬರುತ್ತಿದ್ದರು.

ಅಂಥ ಬಟ್ಟೆಯನ್ನು ಅವಳು ಎರಡೇ ಬೆರಳಲ್ಲಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಎತ್ತುತ್ತಿದ್ದಳು.

"ಯಾರು ಹೊಲಿದಿದ್ದು ಇದನ್ನ?"

"ನಾನೇ ಅಕ್ಕಾ. ಸುಮ್ನೆ ಟ್ರೈ ಮಾಡ್ದೆ."

"ಕಣ್ಣು ಮುಚ್ಕೊಂಡು ಟ್ರೈ ಮಾಡಿದ್ರಾ? ಇಟ್ಟು ಹೋಗಿ. ಮೊದಲು ನಿಮ್ಮ ಪಾಪ ತೊಳೀಬೇಕು, ಆಮೇಲೆ ಹೊಲಿಗೆ."

ಯಾರ ಮುಲಾಜೂ ಇಲ್ಲದ ಈ ಹೆಂಗಸು ಮನೆಯೊಳಗೆ ಕಾಲಿಟ್ಟ ಕೂಡಲೇ ಬೇರೆಯೇ ಆಗುತ್ತಿದ್ದಳು ಎಂದರೆ ಗಿರಾಕಿಗಳು ನಂಬಲಿಕ್ಕಿಲ್ಲ. ಗಂಡನ ಎದುರು ಅವಳಿಗಿದ್ದುದು ಒಂದೇ ಪದ, "ಪರವಾಗಿಲ್ಲ." ಗಂಡ ಹಾಡಿದರೆ ಪರವಾಗಿಲ್ಲ, ಅಂಗಿ ಆರಿಸಿದರೆ ಪರವಾಗಿಲ್ಲ. ಪ್ರತಿ ಸೋಮವಾರ, ಭಾನುವಾರದ ಜೊತೆಗೆ ಅವರಿಗೆ ರಜೆಯಿದ್ದ ಇನ್ನೊಂದು ದಿನ, ಸಂಜೆ ಅವರೇ ಟೀ ಮಾಡುತ್ತಿದ್ದರು. ಪುಡಿಯನ್ನು ಹತ್ತು ನಿಮಿಷ ಕುದಿಸಿ, ಕಹಿಯಾಯಿತೆಂದು ಸಕ್ಕರೆ ಸುರಿದು, ಅಂಟಂಟಾಯಿತೆಂದು ನೀರು ಹೊಯ್ದು ತಂದುಕೊಟ್ಟು "ಹೇಗಿದೆ?" ಎಂದು ಎದುರಿಗೇ ನಿಲ್ಲುತ್ತಿದ್ದರು. ಅದಕ್ಕೂ ಪರವಾಗಿಲ್ಲ. ಮದುವೆಯಾದ ಹೊಸದರಲ್ಲಿ ಅವರ ಮನಸ್ಸು ನೋಯಬಾರದೆಂದು ಒಮ್ಮೆ ಹೇಳಿದ ಮಾತು ಇಪ್ಪತ್ತಾರು ವರ್ಷ ಹಾಗೇ ಓಡುತ್ತಾ ಬಂದಿತ್ತು.

ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಮೇಷ್ಟ್ರು. ಕಲಿಯಲು ಬಂದವರಿಗೆ ಮೊದಲ ದಿನ ಅವರು ಹೇಳುತ್ತಿದ್ದುದು, "ಗೊತ್ತಿಲ್ದೆ ಸ್ಟೇರಿಂಗ್ ಮುಟ್ಟಬೇಡಿ. ವೀಡಿಯೋ ನೋಡಿ ಗಾಡಿ ಕಲಿಯೋಕೆ ಆಗಲ್ಲ." ಒಬ್ಬ ಹುಡುಗಿ ಅಪ್ಪನ ಹತ್ತಿರ ಎರಡು ಪಾಠ ಹೇಳಿಸಿಕೊಂಡು ಬಂದಿದ್ದಕ್ಕೆ ಮೇಷ್ಟ್ರು ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದರಂತೆ. ಇದೇ ಮಹಾನುಭಾವರು ಫೋನಿನಲ್ಲಿ ಏಳು ನಿಮಿಷದ ಒಂದು ವೀಡಿಯೋ ನೋಡಿ ಗೋಡೆಗೆ ಕೈಹಾಕಿದರು.

ಗೋಡೆಯ ಕಥೆ ಇಷ್ಟು. ಅಕ್ಕನಿಗೆ ಒಂದು ಆಸೆಯಿತ್ತು. ಇಷ್ಟು ವರ್ಷವೂ ಅವಳು ಬೇರೆಯವರ ಕೆಟ್ಟ ಹೊಲಿಗೆ ಬಿಚ್ಚಿದ್ದೇ ಬಂತು, ಹೊಸ ಬಟ್ಟೆಯ ತಾನು ಬಿಡಿಸಿ, ಗುರುತು ಹಾಕಿ, ಕತ್ತರಿಸಿ, ಮೊದಲಿಂದ ಕೊನೆಯ ತನಕ ತಾನೇ ಹೊಲಿದ ಬಟ್ಟೆಯನ್ನು ಗಿರಾಕಿಗೆ ಕೊಟ್ಟಿರಲಿಲ್ಲ. ಆಸ್ಪತ್ರೆಯೊಂದರ ಉಗ್ರಾಣ ನೋಡಿಕೊಳ್ಳುವ ಹೆಂಗಸು, ಅವಳ ಹಳೆಯ ಗಿರಾಕಿ, ಆಪರೇಷನ್ ಕೋಣೆಯ ಗೌನುಗಳನ್ನು ಹೊರಗೆ ಹೊಲಿಸುವ ವಿಚಾರ ಎತ್ತಿದ್ದಳು. ಷರತ್ತು ಒಂದೇ, ಹೊಲಿಯುವ ಜಾಗ ಬೇರೆ ಕೋಣೆಯಾಗಿರಬೇಕು, ಧೂಳಿರಬಾರದು. ಅದಕ್ಕಾಗಿ ಮುಂದಿನ ಕೋಣೆಗೆ ಅಡ್ಡಲಾಗಿ ಜಿಪ್ಸಮ್ ಹಲಗೆಯ ಗೋಡೆ ಎಬ್ಬಿಸುವುದೆಂದು ತೀರ್ಮಾನವಾಯಿತು. ಬಡಗಿ ಬಂದು ಒಂದೇ ದಿನದಲ್ಲಿ ಚೌಕಟ್ಟು ನಿಲ್ಲಿಸಿ, ಹಲಗೆ ಹೊಡೆದು, ಸ್ಕ್ರೂ ಬಿಗಿದು, "ಸಂದು ತುಂಬೋಕೆ ಪುಟ್ಟಿಯವನನ್ನ ಕರೆಸ್ಕೊಳ್ಳಿ" ಎಂದು ಹೇಳಿ ಹೋದ.

"ಸಂದು ತುಂಬೋದಕ್ಕೆ ಒಬ್ಬ ಬೇರೆ ಬೇಕಾ?" ಎಂದರು ಮೇಷ್ಟ್ರು. "ಪಟ್ಟಿ ಅಂಟಿಸೋದು, ಪುಟ್ಟಿ ಬಳಿಯೋದು, ಉಜ್ಜೋದು. ನಾನೇ ಮಾಡ್ತೀನಿ ಬಿಡು. ಎರಡು ಭಾನುವಾರದ ಕೆಲಸ."

ಆ ಎರಡು ಭಾನುವಾರ ಏಳು ತಿಂಗಳಾಯಿತು.

ಮೊದಲ ಭಾನುವಾರವೇ ಅವರು ಪುಟ್ಟಿಯನ್ನು ಗೋಡೆಗೆ ಮೆತ್ತಿದರು. ಮೆತ್ತಿದರು ಎನ್ನುವುದೇ ಸರಿ, ಬಳಿಯುವುದು ಬೇರೆ ಕೆಲಸ. ತೆಳ್ಳಗೆ ಮೂರು ಸಲ ಎಳೆಯುವ ಬದಲು ಒಂದೇ ಸಲ ದಪ್ಪಗೆ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ ಎಂಬುದು ಅವರ ಲೆಕ್ಕ. ಒಣಗಿದ ಮೇಲೆ ಅದು ಬಿರುಕು ಬಿಟ್ಟಿತು. ಬಿರುಕಿಗೆ ಇನ್ನಷ್ಟು ಪುಟ್ಟಿ, ಪುಟ್ಟಿಗೆ ಇನ್ನಷ್ಟು ಉಜ್ಜು, ಉಜ್ಜಿದ್ದು ಹೆಚ್ಚಾಗಿ ಅಡಿಯ ಕಾಗದದ ಪಟ್ಟಿಯೇ ಹರಿದು ಮೇಲೆದ್ದಿತು. ಮತ್ತೆ ಪಟ್ಟಿ, ಮತ್ತೆ ಪುಟ್ಟಿ. ಪಟ್ಟಿಯ ಕೆಳಗೆ ಗಾಳಿ ಸಿಕ್ಕಿಕೊಂಡು ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಸ್ಕ್ರೂ ತಲೆಗಳ ಮೇಲೆ ಇಟ್ಟ ಪುಟ್ಟಿ ಒಣಗಿ ಗೋಡೆಗೆ ಸಿಡುಬು ಬಂದ ಹಾಗೆ ಕಾಣುತ್ತಿತ್ತು. ಸಂದು ಮುಚ್ಚುವ ಬದಲು ಸಂದಿನ ಜಾಗದಲ್ಲಿ ಒಂದೊಂದು ದಿಬ್ಬ ಬೆಳೆದಿತ್ತು.

ಪ್ರತಿ ಭಾನುವಾರ ಸಂಜೆ ಅವರು ಕರಣೆ ಹಿಡಿದು, ಹುಬ್ಬಿನ ತನಕ ಬೆಳ್ಳಗಾಗಿ ನಿಂತು ಕೂಗುತ್ತಿದ್ದರು. "ಬಾ ಇಲ್ಲಿ. ನೋಡು, ಹೇಗಿದೆ?"

ಅಕ್ಕ ಬರುತ್ತಿದ್ದಳು. ಹೊಲಿಗೆಯವಳ ಕಣ್ಣು ಅದು, ಕೂದಲೆಳೆಯಷ್ಟು ಸೊಟ್ಟವಾದರೂ ತಿಳಿಯುವ ಕಣ್ಣು. ಇಂಥ ಸಂದನ್ನು ಒಂದು ಪ್ಯಾಂಟಿನಲ್ಲಿ ಯಾರಾದರೂ ಮಾಡಿ ತಂದಿದ್ದರೆ ಬೀದಿಯ ಕೊನೆಯ ತನಕ ಅಟ್ಟಿಸಿಕೊಂಡು ಹೋಗುತ್ತಿದ್ದಳು.

"ಪರವಾಗಿಲ್ಲ" ಎನ್ನುತ್ತಿದ್ದಳು.

ಅಷ್ಟು ಸಾಕು, ಮೇಷ್ಟ್ರಿಗೆ ಆನೆಬಲ ಬರುತ್ತಿತ್ತು.

ಧೂಳಿನ ಮಾತು ಹೇಳಿ ಪ್ರಯೋಜನವಿಲ್ಲ. ಅದು ಹಾಸಿಗೆಯಲ್ಲಿತ್ತು, ಬಾಚಣಿಗೆಯಲ್ಲಿತ್ತು, ಹಲ್ಲಿನ ಸಂದಿಯಲ್ಲಿತ್ತು. ಮಿಷನ್ನಿನ ಎಣ್ಣೆಯೊಳಗೆ ಸೇರಿ ಬೂದು ಬಣ್ಣದ ಲೋಳೆಯಾಗಿತ್ತು, ಅದನ್ನು ವಾರಕ್ಕೊಮ್ಮೆ ಸೂಜಿಯಲ್ಲಿ ಕೆದಕಿ ತೆಗೆಯುವಾಗ ಅಕ್ಕನಿಗೆ ಯಾರದೋ ಕಿವಿ ಕೆದಕಿದ ಹಾಗೆ ಅಸಹ್ಯವಾಗುತ್ತಿತ್ತು. ಒಬ್ಬ ವಕೀಲರ ಕಪ್ಪು ಕೋಟು ಎರಡೇ ದಿನ ಗೂಟಕ್ಕೆ ತೂಗಿದ್ದಕ್ಕೆ ಬೂಷ್ಟು ಹಿಡಿದ ರೊಟ್ಟಿಯಂತಾಯಿತು. ಅವರು ಕೋಟನ್ನು ಕೊಡವಿ, ಕೆಮ್ಮಿ, ತೆಗೆದುಕೊಂಡು ಹೋದವರು ಮತ್ತೆ ಬರಲಿಲ್ಲ. ಮಿಕ್ಕ ಪುಟ್ಟಿಯನ್ನು ಮುಂದಿನ ವಾರಕ್ಕೆಂದು ಮೇಷ್ಟ್ರು ಬಕೆಟ್ಟಿನಲ್ಲೇ ನೀರು ಹಾಕಿ ಮುಚ್ಚಿಡುತ್ತಿದ್ದರು. ಮುಚ್ಚಳ ತೆಗೆದರೆ ಒದ್ದೆ ಸಾಕ್ಸು ಕೊಳೆತ ವಾಸನೆ, ಮೇಲೆ ಹಸಿರು ಬೂಷ್ಟು. ಅದನ್ನೇ ಕಲಸಿ ಮತ್ತೆ ಗೋಡೆಗೆ ಬಳಿಯುತ್ತಿದ್ದರು ಪುಣ್ಯಾತ್ಮರು. ಬಕೆಟ್ಟು ತೊಳೆದ ನೀರು ಅಡುಗೆಮನೆಯ ಸಿಂಕಿಗೆ. ಎರಡನೇ ತಿಂಗಳಿನಿಂದ ಸಿಂಕಿನಲ್ಲಿ ನೀರು ಇಳಿಯಲು ಯೋಚನೆ ಮಾಡುತ್ತಿತ್ತು. ಅದನ್ನೂ ಮೇಷ್ಟ್ರು ತಾವೇ ತಂತಿ ಹಾಕಿ ರಿಪೇರಿ ಮಾಡಿದರು, ತಂತಿ ಒಳಗೇ ಉಳಿಯಿತು.

ಇದೆಲ್ಲ ಅವಳು ನುಂಗಿಕೊಂಡಳು. ನುಂಗಲಾಗದ್ದು ಒಂದೇ. ಒಂದು ದಿನ ಅವಳ ಬಟ್ಟೆ ಕತ್ತರಿ ರೇಷ್ಮೆಯ ಮೇಲೆ ನಡೆಯದೆ ಅಗಿಯತೊಡಗಿತು. ಅಂಚು ನೋಡಿದರೆ ಬಿಳಿ ಬಿಳಿ ಅಂಟು. ಮೇಷ್ಟ್ರು ಅದರಲ್ಲಿ ಪುಟ್ಟಿ ಮೆತ್ತಿದ ಕಾಗದದ ಪಟ್ಟಿ ಕತ್ತರಿಸಿದ್ದರು. ಇಪ್ಪತ್ತೆರಡು ವರ್ಷ ಬಟ್ಟೆ ಬಿಟ್ಟು ಬೇರೇನನ್ನೂ ಮುಟ್ಟಿಸದ ಕತ್ತರಿ ಅದು. ಅಕ್ಕ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಐದು ನಿಮಿಷ ಅತ್ತಳು. ಹೊರಗೆ ಬಂದಾಗ ಗಂಡ ಗೋಡೆಯ ಮುಂದೆ ನಿಂತಿದ್ದರು.

"ಇವತ್ತು ಹೇಗೆ ಬಂದಿದೆ?"

"ಪರವಾಗಿಲ್ಲ."

ಅಷ್ಟರಲ್ಲಿ ಉಗ್ರಾಣದವಳ ಫೋನು ಬಂತು. ಬರುವ ಸೋಮವಾರ ಜಾಗ ನೋಡಲು ಬರುತ್ತೇನೆ, ಸರಿಯಿದ್ದರೆ ಅಂದೇ ಬಟ್ಟೆಯ ತಾನು ಇಳಿಸುತ್ತೇನೆ, ಇಲ್ಲವಾದರೆ ಬೇರೊಬ್ಬಳು ಕಾಯುತ್ತಿದ್ದಾಳೆ, ಬೇಸರ ಮಾಡಿಕೊಳ್ಳಬೇಡಿ ಎಂದಳು. ಅದೇ ವಾರ ಮೇಷ್ಟ್ರಿಗೆ ಡ್ರೈವಿಂಗ್ ಕಲಿಸುವವರಿಗೆಂದೇ ನಡೆಸುವ ತರಬೇತಿ ಬಂತು, ಬುಧವಾರ ಹೋದರೆ ಬರುವುದು ಭಾನುವಾರ ಸಂಜೆ. "ಬಂದವನೇ ಇನ್ನೊಂದು ಕೋಟು ಪುಟ್ಟಿ ಎಳೆದುಬಿಡ್ತೀನಿ, ಸೋಮವಾರದ ಹೊತ್ತಿಗೆ ಕನ್ನಡಿ ಆಗಿರುತ್ತೆ" ಎಂದು ಚೀಲ ಹೆಗಲಿಗೇರಿಸಿದರು. ಅವರು ಬೀದಿಯ ತಿರುವು ದಾಟುವ ಮೊದಲೇ ಅಕ್ಕ ಬಡಗಿಗೆ ಫೋನು ಮಾಡಿ ಪುಟ್ಟಿಯವನ ನಂಬರು ತೆಗೆದುಕೊಂಡಳು.

ಪುಟ್ಟಿಯವನು ಸಣ್ಣಾಳು, ಐವತ್ತು ದಾಟಿದವನು, ಮಾತು ಕಡಿಮೆ. ಬಂದವನು ಗೋಡೆ ಮುಟ್ಟಲಿಲ್ಲ. ಕೋಣೆಯ ದೀಪ ಆರಿಸಿ, ಪರದೆ ಎಳೆದು, ಚೀಲದಿಂದ ಟಾರ್ಚು ತೆಗೆದು ಗೋಡೆಗೆ ಒತ್ತಿ ಅಡ್ಡಡ್ಡ ಬೆಳಕು ಬಿಟ್ಟ. ಹಗಲ ಬೆಳಕಿನಲ್ಲಿ ಹೇಗೋ ಮಾನ ಉಳಿಸಿಕೊಂಡಿದ್ದ ಗೋಡೆ ಆಗ ಪೂರ್ತಿ ಬೆತ್ತಲಾಯಿತು. ಒಂದೊಂದು ದಿಬ್ಬಕ್ಕೂ ಅದರ ಉದ್ದದ ನೆರಳು, ಒಂದೊಂದು ಗುಳ್ಳೆಗೂ ಒಂದು ಹೊಟ್ಟೆ. ಪುಟ್ಟಿಯವನ ಮುಖ ಹಳಸಿದ್ದನ್ನು ಬಾಯಿಗಿಟ್ಟವನಂತೆ ಹುಳ್ಳಗಾಯಿತು.

"ಯಾರಮ್ಮಾ ಮಾಡಿದ್ದು?"

"ಯಾರೋ ಒಬ್ಬ ಕೆಲಸದವನು."

"ಇದಕ್ಕೆ ದುಡ್ಡು ಕೊಟ್ರಾ?"

"ಇಲ್ಲ. ಊಟ ಹಾಕ್ತಾ ಇದ್ದೆ."

"ಎಷ್ಟು ದಿನದಿಂದ?"

"ಇಪ್ಪತ್ತಾರು ವರ್ಷದಿಂದ."

ಪುಟ್ಟಿಯವನು ಟಾರ್ಚು ಆರಿಸಿದ. ನಗಲಿಲ್ಲ, ಅದು ಅವನ ದೊಡ್ಡತನ. "ಕೆರೆದು ತೆಗೀಬೇಕು" ಎಂದಷ್ಟೇ ಹೇಳಿ, ಕಿಟಕಿ ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿ, ಮಿಷನ್ನಿಗೆ ಚಾದರ ಹೊದಿಸಿ ಕೆಲಸ ಹಿಡಿದ.

ಏಳು ತಿಂಗಳ ಪುಟ್ಟಿಯನ್ನು ಅವನು ನೀರು ಚಿಮುಕಿಸಿ, ಹುಣ್ಣಿನ ಹಕ್ಕಳೆ ಎಬ್ಬಿಸಿದ ಹಾಗೆ ಎಬ್ಬಿಸಿದ. ಸಂಜೆಯ ಹೊತ್ತಿಗೆ ಎರಡು ಚೀಲ ತುಂಬಿತು. ಗುರುವಾರ ಹೊಸ ಪಟ್ಟಿ ಕೂರಿಸಿ, ಅದರ ಮೇಲೆ ಬಟ್ಟೆಗೆ ಗಂಜಿ ಹಾಕುವಷ್ಟು ತೆಳ್ಳಗೆ ಒಂದು ಕೈ ಪುಟ್ಟಿ ಎಳೆದು ಕೂತುಬಿಟ್ಟ.

"ಇಷ್ಟೇನಾ?" ಎಂದಳು ಅಕ್ಕ.

"ಇಷ್ಟೇ. ಒಣಗಬೇಕು."

"ಇನ್ನೊಂದು ಸಲ ಎಳೆದುಬಿಟ್ರೆ?"

"ಎಲ್ರೂ ಎಡವೋದು ಅಲ್ಲೇ ಅಮ್ಮಾ. ಬಳಿಯೋಕೆ ಎಲ್ರಿಗೂ ಬರುತ್ತೆ. ಕೈ ಕಟ್ಕೊಂಡು ಕೂರೋಕೆ ಯಾರಿಗೂ ಬರಲ್ಲ."

ಶುಕ್ರವಾರ ಮೊದಲಿನದಕ್ಕಿಂತ ಅಗಲವಾಗಿ ಎರಡನೇ ಕೈ, ಶನಿವಾರ ಬೆಳಿಗ್ಗೆ ಇನ್ನೂ ಅಗಲವಾಗಿ ಮೂರನೆಯದು, ಮಧ್ಯಾಹ್ನ ಒದ್ದೆ ಸ್ಪಂಜಿನಲ್ಲಿ ಒಂದು ಸವರು. ಧೂಳೇ ಏಳಲಿಲ್ಲ. ಏಳು ತಿಂಗಳು ಧೂಳು ತಿಂದವಳಿಗೆ ಒದ್ದೆ ಸ್ಪಂಜು ಎಂಬ ವಸ್ತು ಪ್ರಪಂಚದಲ್ಲಿದೆ ಎಂದು ತಿಳಿದಾಗ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಭಾನುವಾರ ಬೆಳಿಗ್ಗೆ ಬಣ್ಣವೂ ಬಿತ್ತು. ಅವಳು ಅಂಗೈ ಇಟ್ಟು ಗೋಡೆಯುದ್ದಕ್ಕೂ ನಡೆದಳು. ಸಂದು ಎಲ್ಲಿದೆ ಎಂದು ಕೈಗೆ ಸಿಗಲಿಲ್ಲ. ಅವಳು ಅಷ್ಟು ಚೆನ್ನಾದ ಹೊಲಿಗೆಯನ್ನು ಬಟ್ಟೆಯಲ್ಲೂ ಹೆಚ್ಚು ಕಂಡಿರಲಿಲ್ಲ.

ಒಂದು ಕಡೆ ಮಾತ್ರ, ಬಾಗಿಲ ಬದಿಯಲ್ಲಿ ಎದೆಯ ಎತ್ತರಕ್ಕೆ, ಒಂದು ಗೇಣು ಉದ್ದ ಒಂದು ಗೇಣು ಅಗಲ ಹಳೆಯದು ಹಾಗೇ ಇತ್ತು. ದಿಬ್ಬ, ಗುಳ್ಳೆ, ಸಿಡುಬು, ಕತ್ತರಿಯಲ್ಲಿ ಹರಿದ ಪಟ್ಟಿಯ ತುದಿ, ಎಲ್ಲ.

"ಇದು ಬಿಟ್ಟುಹೋಯ್ತಲ್ಲ?"

"ಬಿಟ್ಟಿದ್ದೇ. ನನಗೆ ಕೆಲಸ ಕಲಿಸಿದೋರು ಹೇಳ್ಕೊಟ್ಟಿದ್ದು, ಬೇರೆಯವರು ಕೆಡಿಸಿದ ಗೋಡೆ ಮಾಡಿದ್ರೆ ಒಂದು ಗೇಣು ಹಳೇದನ್ನ ಬಿಡು ಅಂತ. ಆರು ತಿಂಗಳಾದ್ಮೇಲೆ ಎಲ್ರೂ ಮರೀತಾರೆ. ಅಷ್ಟೇನೂ ಕೆಟ್ಟದಾಗಿರ್ಲಿಲ್ಲ, ನಾವೇ ಸರಿ ಮಾಡ್ಕೋಬಹುದಿತ್ತು ಅಂತಾರೆ. ಅದರ ಮುಂದೆ ಏನಾದ್ರೂ ನಿಲ್ಸಿ, ಯಾರಿಗೂ ಕಾಣಲ್ಲ. ಬೇಡ ಅಂದ್ರೆ ಈಗ್ಲೇ ಮುಚ್ತೀನಿ."

ಅಕ್ಕ ಒಂದು ಕ್ಷಣ ಯೋಚಿಸಿ "ಇರಲಿ" ಎಂದಳು. ಗಿರಾಕಿಗಳು ಬಟ್ಟೆ ಹಾಕಿ ನೋಡುವ ನಿಲುಗನ್ನಡಿಯನ್ನು ಅದರ ಮುಂದೆ ತಂದು ನಿಲ್ಲಿಸಿದಳು. ಪುಟ್ಟಿಯವನು ಏಣಿ ಮಡಿಸುವಾಗ ಅವನ ಪ್ಯಾಂಟಿನ ಅಂಚಿಗೆ ಅವಳ ಕಣ್ಣು ಬಿತ್ತು. ಸುತ್ತಲೂ ಸ್ಟೇಪ್ಲರ್ ಪಿನ್ನು.

"ಇದೇನಪ್ಪಾ?"

"ಅದಾ? ನಾನೇ ಹಾಕ್ಕೊಂಡೆ."

"ಥೂ ನಿಮ್ಮ! ನೀವೂ ಅಷ್ಟೇನಾ? ನಾಳೆ ತಂದುಕೊಡಿ, ನೋಡೋಕಾಗ್ತಿಲ್ಲ."

ಸಂಜೆ ಮೇಷ್ಟ್ರು ಬಂದರು. ಕೈಯಲ್ಲಿ ತರಬೇತಿಯ ಪ್ರಮಾಣಪತ್ರ. ಬಾಗಿಲಲ್ಲೇ ನಿಂತು ಗೋಡೆ ನೋಡಿದರು. ಅಕ್ಕ ಲೆಕ್ಕ ಹಾಕಿದಳು. ಈಗ ಜಗಳವಾದರೆ, ಗಂಡ ಮುನಿಸಿಕೊಂಡು ನಾಳೆ ಮುಖ ಊದಿಸಿಕೊಂಡು ಕೂತರೆ, ಉಗ್ರಾಣದವಳ ಮುಂದೆ ಮರ್ಯಾದೆ ಏನಾದೀತು?

"ಬಣ್ಣ ಹೊಡೆಸಿದೆ, ಅಷ್ಟೇ" ಎಂದಳು.

ಮೇಷ್ಟ್ರು ಹತ್ತಿರ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟರು. ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ತಿರುಗಿ, "ನೋಡಿದ್ಯಾ?" ಎಂದರು. "ಬಣ್ಣ ಬಿದ್ದ ಮೇಲೆ ನನ್ನ ಕೆಲಸ ಹೇಗೆ ಕೂತಿದೆ! ಒಣಗೋಕೆ ಬಿಡಬೇಕು, ಗುಟ್ಟು ಇರೋದೇ ಅಲ್ಲಿ."

ಅಕ್ಕನಿಗೆ ಮೈಯೆಲ್ಲ ಜಿಗುಪ್ಸೆ ಹತ್ತಿತು. ಆದರೂ ಬಾಯಿಗೆ ಬೀಗ ಹಾಕಿಕೊಂಡಳು. ರಾತ್ರಿ ಊಟದ ತನಕ ಅವರು ಫೋನು ಹಿಡಿದು ತಮ್ಮನಿಗೆ, ಭಾವನಿಗೆ, ಶಾಲೆಯ ಗುಮಾಸ್ತನಿಗೆ ಗೋಡೆ ವರ್ಣಿಸಿದರು. ಮುಂದಿನ ಭಾನುವಾರ ಭಾವನ ಅಡುಗೆಮನೆಯ ಸೀಲಿಂಗಿಗೂ ಹಲಗೆ ಹೊಡೆದುಕೊಡುವುದಾಗಿ ಮಾತೂ ಕೊಟ್ಟರು.

ಸೋಮವಾರ ಹನ್ನೊಂದು ಗಂಟೆಗೆ ಉಗ್ರಾಣದವಳು ಬಂದಳು. ಕನ್ನಡಕ ಮೂಗಿನ ತುದಿಗಿಳಿಸಿ ಮೂಲೆ ಮೂಲೆ ನೋಡಿದಳು, ಬಿಳಿ ಬಟ್ಟೆಯ ತುಂಡೊಂದನ್ನು ಕಿಟಕಿಯ ಅಂಚಿಗೆ, ಮಿಷನ್ನಿಗೆ, ಗೋಡೆಗೆ ಉಜ್ಜಿ ಬೆಳಕಿಗೆ ಹಿಡಿದಳು. ಬಟ್ಟೆ ಬೆಳ್ಳಗೇ ಇತ್ತು.

"ಗೋಡೆ ಚೆನ್ನಾಗಿದೆ. ಯಾರ ಹತ್ರ ಮಾಡಿಸಿದ್ರಿ?"

"ಮಾಡಿಸೋದೇನು, ಎಲ್ಲಾ ನನ್ನದೇ" ಎಂದು ಮೇಷ್ಟ್ರು ಎದೆ ಮುಂದೆ ಮಾಡಿದರು. "ಜನ ಸುಮ್ನೆ ಹೆದರ್ತಾರೆ ಮೇಡಂ. ಮನಸ್ಸು ಮಾಡಿದ್ರೆ ಯಾವ ಕೆಲಸ ಬರಲ್ಲ? ಈಗ ಇವಳ ಹೊಲಿಗೇನೇ ತಗೊಳ್ಳಿ. ಅದ್ರಲ್ಲೇನಿದೆ ಮಹಾ? ನಾಲ್ಕು ದಿನ ಮಿಷನ್ ತುಳಿದ್ರೆ ನಾನೂ ಹೊಲೀತೀನಿ."

ಉಗ್ರಾಣದವಳ ಹುಬ್ಬು ಮೇಲೇರಿತು. "ಹೌದಾ?" ಎಂದು ಅಕ್ಕನ ಕಡೆ ತಿರುಗಿದಳು. ಆಪರೇಷನ್ ಕೋಣೆಯ ಗೌನು ನಾಲ್ಕು ದಿನದ ವಿದ್ಯೆಯೇ ಎಂಬ ಪ್ರಶ್ನೆ ಆ ಮುಖದಲ್ಲಿ ನಿಚ್ಚಳವಾಗಿತ್ತು.

ಅಕ್ಕನಿಗೆ ಏಳು ತಿಂಗಳ ಧೂಳು ಒಟ್ಟಿಗೇ ನೆನಪಿಗೆ ಬಂತು. ವಕೀಲರ ಕೋಟು, ಬಕೆಟ್ಟಿನ ಬೂಷ್ಟು, ಅಂಟು ಹಿಡಿದ ಕತ್ತರಿ. ಹೋಗಿ ನಿಲುಗನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಸರಿಸಿದಳು. ಇದರಿಂದ ಆರ್ಡರು ಕೈತಪ್ಪಬಹುದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಸರಿಸಿದಳು.

"ಇವರ ಕೆಲಸ ಇದು, ಈ ಒಂದು ಗೇಣು" ಎಂದಳು. "ಇಡೀ ಗೋಡೆ ಏಳು ತಿಂಗಳು ಹೀಗೇ ಇತ್ತು. ಮಿಕ್ಕಿದ್ದು ಪುಟ್ಟಿಯವನು ನಾಲ್ಕು ದಿನದಲ್ಲಿ ಮಾಡಿದ್ದು, ಅವನು ಅದನ್ನ ಇಪ್ಪತ್ತೈದು ವರ್ಷದಿಂದ ಮಾಡ್ತಿದ್ದಾನೆ. ಹೊಲಿಗೇನೂ ಹಾಗೇ ಮೇಡಂ. ಈ ಗೇಣಿಂದ ಪುಡಿ ಉದುರುತ್ತೆ. ಬೇಡ ಅನ್ನಿಸಿದ್ರೆ ಹೇಳಿ."

ಉಗ್ರಾಣದವಳು ಬಗ್ಗಿ ಆ ಗೇಣನ್ನು ನೋಡಿದಳು, ಬೆರಳಲ್ಲಿ ಮುಟ್ಟಲು ಹೋಗಿ ಹೇಸಿ ಹಿಂತೆಗೆದಳು.

"ಇದನ್ನ ಇವತ್ತೇ ಮುಚ್ಚಿಸ್ತೀರಾ?"

"ಪುಟ್ಟಿಯವನು ಸಂಜೆ ಪ್ಯಾಂಟು ಕೊಡೋಕೆ ಬರ್ತಾನೆ. ಆಗ್ಲೇ ಮುಚ್ಚಿಸ್ತೀನಿ."

"ಹಾಗಾದ್ರೆ ಬಟ್ಟೆ ತಾನು ನಾಳೆ ಇಳಿಸ್ತೀನಿ" ಎಂದು ಉಗ್ರಾಣದವಳು ಕನ್ನಡಕ ಮೇಲೇರಿಸಿದಳು. "ಒಂದು ಮಾತು. ಕತ್ತರಿಸೋದು ಹೊಲಿಯೋದು ಎರಡೂ ನಿಮ್ಮ ಕೈಯಲ್ಲೇ ಆಗ್ಬೇಕು. ಇನ್ಯಾರೂ ಮುಟ್ಟೋ ಹಾಗಿಲ್ಲ." ಕೊನೆಯ ಮಾತನ್ನು ಮೇಷ್ಟ್ರ ಕಡೆ ನೋಡಿಯೇ ಹೇಳಿದಳು.

ಸಂಜೆ ಪುಟ್ಟಿಯವನು ಬಂದು ಪ್ಯಾಂಟು ಕೊಟ್ಟು, ಆ ಗೇಣಿಗೆ ಮೊದಲ ಕೈ ಎಳೆದು ಹೋದ. ಮೇಷ್ಟ್ರು ಹಸಿ ಪುಟ್ಟಿಯನ್ನೇ ನೋಡುತ್ತಾ ಕೂತಿದ್ದರು.

"ನಿನ್ನೆ ಕೈ ಇಟ್ಟಾಗಲೇ ಗೊತ್ತಾಯ್ತು ನನಗೆ" ಎಂದರು ಕೊನೆಗೆ. "ನನ್ನ ಕೈಯಲ್ಲಿ ಆಗಿದ್ದಲ್ಲ ಅಂತ."

"ಗೊತ್ತಿದ್ದೂ ಊರಿಗೆಲ್ಲ ಡಂಗುರ ಹೊಡೆದ್ರಲ್ಲ? ನಾಚಿಕೆ ಆಗ್ಲಿಲ್ವಾ?"

"ಆಯ್ತು. ಆದ್ರೆ ಒಂದು ಹೇಳು. ಏಳು ತಿಂಗಳು, ಪ್ರತಿ ಭಾನುವಾರ ಕರೆದು ಕರೆದು ಕೇಳ್ದೆ ನಿನ್ನ. ಕಂಡೋರ ಪ್ಯಾಂಟಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ಹೇಳ್ತೀಯ. ನನಗೆ ಒಂದು ಸಲ, ಒಂದೇ ಒಂದು ಸಲ, ಕೆಟ್ಟದಾಗಿದೆ ನಿಲ್ಸಿ ಅಂದಿದ್ಯಾ?"

ಅಕ್ಕನಿಗೆ ಆ ಮಾತು ನಾಟಿತು. ಧೂಳು ಮೆತ್ತಿದವರು ಅವರು, ಮೆತ್ತಲು ಬಿಟ್ಟವಳು ತಾನು. ಬೆಳಿಗ್ಗೆಯಿಂದ ಗಂಡನ ಮೇಲಿದ್ದ ಹೇಸಿಗೆಯಲ್ಲಿ ಅರ್ಧ ತಿರುಗಿ ತನ್ನ ಮೇಲೇ ಬಿತ್ತು, ಅದು ಗಂಡನ ಮೇಲಿನದಕ್ಕಿಂತ ಕಹಿಯಾಗಿತ್ತು.

ಮೇಷ್ಟ್ರು ಎದ್ದು ಅಡುಗೆಮನೆಗೆ ಹೋದರು. ಸೋಮವಾರವಲ್ಲವೇ. ಹತ್ತು ನಿಮಿಷ ಕುದಿಯುವ ಸದ್ದು ಕೇಳಿತು, ಆಮೇಲೆ ಸಕ್ಕರೆ ಡಬ್ಬಿಯ ಸದ್ದು, ಆಮೇಲೆ ನಲ್ಲಿಯದು. ಎರಡು ಲೋಟ ತಂದು ಒಂದನ್ನು ಅವಳ ಕೈಗಿಟ್ಟು ಎದುರಿಗೆ ನಿಂತರು. ಅಕ್ಕ ಒಂದು ಗುಟುಕು ಕುಡಿದಳು.

"ಹೇಗಿದೆ?"

ಪದ ನಾಲಿಗೆಯ ತುದಿಯ ತನಕ ಬಂದಿತ್ತು, ಇಪ್ಪತ್ತಾರು ವರ್ಷದ ಅಭ್ಯಾಸ. ಅವಳು ಲೋಟ ಕೆಳಗಿಟ್ಟಳು.

"ಅಸಹ್ಯವಾಗಿದೆ" ಎಂದಳು. "ಮದುವೆಯಾದಾಗಿಂದ ಅಸಹ್ಯವಾಗಿದೆ."

ಮೇಷ್ಟ್ರು ಅವಳನ್ನು ನೋಡಿದರು. ತಮ್ಮ ಲೋಟದಿಂದ ತಾವೂ ಒಂದು ಗುಟುಕು ಕುಡಿದು ಬಾಯೊಳಗೆ ಹೊರಳಿಸಿದರು, ಮೊದಲ ಸಲ ರುಚಿ ನೋಡುವವರ ಹಾಗೆ. ಮುಖ ಕಿವುಚಿತು.

"ಹೌದು" ಎಂದರು.

ಎರಡೂ ಲೋಟ ತೆಗೆದುಕೊಂಡು ಹೋಗಿ ಸಿಂಕಿಗೆ ಸುರಿದರು. ಅಕ್ಕ ಹಿಂದೆಯೇ ಬಂದು ಪಕ್ಕದಲ್ಲಿ ನಿಂತಳು. ಟೀ ಇಳಿಯಲಿಲ್ಲ. ಏಳು ತಿಂಗಳ ಪುಟ್ಟಿಯ ಮೇಲೆ ಕಂದು ಬಣ್ಣದ ಮಡುವಾಗಿ ನಿಂತು, ನಡುವೆ ಒಂದು ಗುಳ್ಳೆ ಎದ್ದು ಒಡೆಯಿತು. ಇಬ್ಬರೂ ಅದನ್ನೇ ನೋಡುತ್ತಿದ್ದರು.

"ನಾನೇ..." ಎಂದು ಬಾಯಿ ತೆರೆದರು ಮೇಷ್ಟ್ರು.

ಆಮೇಲೆ ಮುಚ್ಚಿಕೊಂಡು, ಪುಟ್ಟಿಯವನಿಗೆ ಪ್ಲಂಬರ್ ಯಾರಾದರೂ ಗೊತ್ತಿರಬಹುದೇ ಎಂದು ಕೇಳಿದರು.